ಹಳದಿ ನೀರು ಹಸಿರಾದರೆ ವಿಷ ಹೋಯಿತೇ?

ಪ್ರಶ್ನೆ: ನಮ್ಮ ಭಾವ ಪೀಣ್ಯದಲ್ಲಿ ಸಣ್ಣ ಕ್ರೋಮ್ ಪ್ಲೇಟಿಂಗ್ ಶಾಪ್ ನಡೆಸುತ್ತಾರೆ. ಮಾಲು ತೊಳೆದ ನೀರು ಹಳದಿಯಾಗಿರುತ್ತದೆ. ಅದಕ್ಕೆ ಆಸಿಡ್ ಹಾಕಿ, ಆಮೇಲೆ ಒಂದು ಬಿಳಿ ಪುಡಿ ಹಾಕಿದರೆ ಹಸಿರಾಗುತ್ತದೆ. ‘ವಿಷ ಹೋಯ್ತು’ ಅಂತಾರೆ ಭಾವ. ನನ್ನ ಮಗಳು ಎಂ.ಎಸ್‌ಸಿ ಕೆಮಿಸ್ಟ್ರಿ ಓದುತ್ತಿದ್ದಾಳೆ. ‘ವಿಷ ಎಲ್ಲೂ ಹೋಗಲ್ಲ ದೊಡ್ಡಪ್ಪ, ಜಾಗ ಬದಲಾಯಿಸುತ್ತೆ ಅಷ್ಟೇ’ ಅನ್ನುವುದು ಅವಳ ವಾದ. ಯಾರು ಸರಿ? ಈ ವಿಷಯದಲ್ಲಿ ತುಂಬಾ ಸಂಶೋಧನೆ ನಡೆಯುತ್ತಿದೆ ಅಂತಾರಲ್ಲ, ಅದರಿಂದ ಇಂಥ ಸಣ್ಣ ಶಾಪ್‌ಗೆ ಏನಾದರೂ ಉಪಯೋಗ ಇದೆಯಾ? ಮಗಳು ಪ್ರಾಜೆಕ್ಟ್‌ಗೂ ಇದೇ ವಿಷಯ ತೆಗೆದುಕೊಳ್ಳಬೇಕು ಅಂತಿದ್ದಾಳೆ. ಇನ್ನೊಂದು ಮಾತು: ನಮ್ಮ ಮನೆ ಆ ಏರಿಯಾದ ಪಕ್ಕದಲ್ಲೇ ಇದೆ. ಬೋರ್‌ವೆಲ್ ನೀರನ್ನು ಕುದಿಸಿ ಕುಡಿದರೆ ಸಾಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಅದು ಕಾಯುವಂಥದ್ದಲ್ಲ. ಸಾಲದು. ಕುದಿಸಿದರೆ ರೋಗಾಣು ಸಾಯುತ್ತವೆ, ಕ್ರೋಮಿಯಂಗೆ ಏನೂ ಆಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಕ್ರೋಮಿಯಂ ಪಾತ್ರೆಯಲ್ಲೇ ಉಳಿಯುತ್ತದೆ. ಎರಡು ಲೀಟರ್ ಕುದಿಸಿ ಒಂದೂವರೆ ಲೀಟರ್ ಉಳಿಸಿದರೆ ಅದರ ಪ್ರಮಾಣ ಇನ್ನೂ ಜಾಸ್ತಿಯೇ ಆಗಿರುತ್ತದೆ.

ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಮಿತಿ ಮೀರಿ ಸಿಕ್ಕಿರುವುದು ಕೇಂದ್ರ ಅಂತರ್ಜಲ ಮಂಡಳಿಯ ಪರೀಕ್ಷೆಗಳಲ್ಲೇ ದಾಖಲಾಗಿದೆ. ಹಾಗಾಗಿ ನಿಮ್ಮ ಅನುಮಾನಕ್ಕೆ ಆಧಾರ ಇದೆ. ಆದರೆ ಒಂದೊಂದು ಬೋರ್‌ವೆಲ್ ಕಥೆ ಒಂದೊಂದು ಥರ. ಪಕ್ಕದ ಮನೆಯ ರಿಪೋರ್ಟ್ ನೋಡಿ ಧೈರ್ಯ ಮಾಡಬೇಡಿ, ಗಾಬರಿಯೂ ಬೇಡ. ಮಾನ್ಯತೆ ಇರುವ ಲ್ಯಾಬ್‌ನಲ್ಲಿ ನಿಮ್ಮ ನೀರನ್ನೇ ಪರೀಕ್ಷೆ ಮಾಡಿಸಿ. ಒಟ್ಟು ಕ್ರೋಮಿಯಂ ಮತ್ತು ಹೆಕ್ಸಾವೇಲೆಂಟ್ ಕ್ರೋಮಿಯಂ (ಹೆಚ್ಚು ಕೆಡುಕಿನ ರೂಪ, ಮುಂದೆ ಹೇಳುತ್ತೇನೆ) ಎರಡನ್ನೂ ಕೇಳಿ. ಎರಡಕ್ಕೂ ಬೇರೆ ಬೇರೆ ಬಾಟಲಿ ಬೇಕು. ಮೊದಲನೆಯದಕ್ಕೆ ಲ್ಯಾಬ್‌ನವರು ಆಸಿಡ್ ಹಾಕಿ ಇಡುತ್ತಾರೆ. ಎರಡನೆಯದಕ್ಕೆ ಆಸಿಡ್ ಹಾಕಬಾರದು, ತಣ್ಣಗಿಟ್ಟು ಒಂದು ದಿನದೊಳಗೆ ಅಳೆಯಬೇಕು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಅನ್ನುವುದು ನಮ್ಮ ದೇಶದ ಮಾನದಂಡ. ರಿಪೋರ್ಟ್ ಬರುವವರೆಗೆ ಕುಡಿಯಲು, ಅಡುಗೆಗೆ ಕಾವೇರಿ ನೀರನ್ನೇ ಬಳಸಿ. ಚೆನ್ನಾಗಿರುವ ಆರ್‌ಓ ಕ್ರೋಮಿಯಂನ ಬಹುಪಾಲನ್ನು ತಡೆಯುತ್ತದೆ, ಆದರೆ ಮೆಂಬ್ರೇನ್ ಹಳತಾಗಿದ್ದರೆ ನಂಬಿ ಕೂರುವಂತಿಲ್ಲ. ಮಿತಿ ಮೀರಿದ್ದರೆ ಆರ್‌ಓದಿಂದ ಹೊರಬರುವ ವೇಸ್ಟ್ ನೀರನ್ನು ತರಕಾರಿ ಗಿಡಕ್ಕೆ ಹಾಕಬೇಡಿ.

ಇನ್ನು ನಿಮ್ಮ ಮನೆಯ ವಾದ. ಭಾವ ಹೇಳಿದ್ದೂ ಸರಿ, ಮಗಳು ಹೇಳಿದ್ದೂ ಸರಿ. ಇಬ್ಬರೂ ಅರ್ಧರ್ಧ ಹೇಳಿದ್ದಾರೆ.

ಕಾರ್ಖಾನೆಯ ವಿಷಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಜಾತಿಯಲ್ಲಿ ವಿಷ ಇರುವುದು ಪರಮಾಣುಗಳ ಜೋಡಣೆಯಲ್ಲಿ. ಜೋಡಣೆ ಮುರಿದರೆ ವಿಷ ನಿಜಕ್ಕೂ ಮುಗಿಯಿತು. ಸಯನೈಡ್ ಇಂಥದ್ದು. ಅದರಲ್ಲಿ ಇರುವುದು ಒಂದು ಇಂಗಾಲ, ಒಂದು ಸಾರಜನಕ. ಪಿಎಚ್ (ಆಮ್ಲ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ) 10ರ ಮೇಲಿಟ್ಟು ಹೈಪೋಕ್ಲೋರೈಟ್ (ಬ್ಲೀಚ್‌ನಲ್ಲಿರುವ ಕ್ಲೋರಿನ್ ರಾಸಾಯನಿಕ) ಹಾಕಿದರೆ ಅದು ಸಯನೇಟ್ ಆಗುತ್ತದೆ. ಪಿಎಚ್ ಸ್ವಲ್ಪ ಇಳಿಸಿ ಇನ್ನಷ್ಟು ಹಾಕಿದರೆ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕ ಉಳಿಯುತ್ತವೆ. ಎರಡೂ ನಾವು ಉಸಿರಾಡುವ ಗಾಳಿಯಲ್ಲೇ ಇರುವಂಥವು. ಇನ್ನೊಂದು ಜಾತಿಯಲ್ಲಿ ಮೂಲವಸ್ತುವೇ ತೊಂದರೆ: ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ. ಸುಟ್ಟರೂ ಕರಗಿಸಿದರೂ ಹೂತರೂ ಕ್ರೋಮಿಯಂ ಕ್ರೋಮಿಯಂ ಆಗಿಯೇ ಇರುತ್ತದೆ. ಇಲ್ಲಿ ಮಗಳ ಮಾತು ಸರಿ. ಆದರೆ ಅದು ಯಾವ ರೂಪದಲ್ಲಿದೆ ಅನ್ನುವುದರ ಮೇಲೆ ಅದರ ಕೆಡುಕು ನಿಂತಿದೆ, ಮತ್ತು ಎರಡು ರೂಪಗಳ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ಇಲ್ಲಿ ಭಾವನ ಮಾತು ಸರಿ.

ಹಳದಿ ನೀರಿನಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಕ್ರೋಮೇಟ್. ಹೆಕ್ಸಾವೇಲೆಂಟ್ ಅನ್ನುವುದು ಇದನ್ನೇ; ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ ಅನ್ನುವ ಲೆಕ್ಕವೇ ಇಲ್ಲಿ ವೇಲೆನ್ಸಿ. ಇದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣಿಗೆ ಅಷ್ಟಾಗಿ ಅಂಟುವುದಿಲ್ಲ, ನೀರು ಹೋದಲ್ಲಿಗೆ ಹೋಗುತ್ತದೆ. ಆಕಾರದಲ್ಲಿ ಇದು ಸಲ್ಫೇಟ್‌ನಂತೆಯೇ ಇದೆ. ನಮ್ಮ ಜೀವಕೋಶಗಳಿಗೆ ಸಲ್ಫೇಟ್ ಬೇಕು, ಅದನ್ನು ಒಳಗೆ ಬಿಡಲು ಅವುಗಳಲ್ಲಿ ದಾರಿ ಇದೆ. ಅದೇ ದಾರಿಯಲ್ಲಿ ಕ್ರೋಮೇಟ್ ಕೂಡ ಒಳಗೆ ಹೋಗುತ್ತದೆ. ಒಳಗೆ ಅದು ಮೂರು ವೇಲೆನ್ಸಿಗೆ ಇಳಿಯುವಾಗ ಡಿಎನ್‌ಎಗೆ ಹಾನಿ ಮಾಡುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ಇದನ್ನು ಸೇರಿಸಿದೆ. ಟ್ಯಾಂಕ್ ಪಕ್ಕ ವರ್ಷಗಟ್ಟಲೆ ನಿಂತು ಕೆಲಸ ಮಾಡಿದವರಿಗೆ ಮೂಗಿನ ನಡುಗೋಡೆಯಲ್ಲಿ ತೂತು ಬೀಳುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಹಸಿರು ನೀರಿನಲ್ಲಿರುವುದು ಮೂರು ವೇಲೆನ್ಸಿಯ ಕ್ರೋಮಿಯಂ. ಇದು ಜೀವಕೋಶದೊಳಗೆ ಸುಲಭವಾಗಿ ನುಗ್ಗುವುದಿಲ್ಲ. ನೀರಿನ ಪಿಎಚ್ ಏರಿಸಿದರೆ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ.

ಹಾಗಾದರೆ ಭಾವನ ಕೆಲಸ ಮುಗಿಯಿತು ಅಲ್ವಾ? ಇಲ್ಲ. ಒಮ್ಮೆ ರೂಪ ಬದಲಾಯಿಸಿದರೆ ಸಾಲದು, ಬದಲಾದ ರೂಪ ಹಾಗೇ ಉಳಿಯುವಂತೆ ಕೊನೆಯವರೆಗೂ ಕಾಯಬೇಕು. ನಮ್ಮಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಅದಕ್ಕೆ ಟ್ಯಾಂಕ್ ಪಕ್ಕದಲ್ಲೇ ನಿಂತು ನೋಡೋಣ.

ಬಿಳಿ ಪುಡಿ ಸೋಡಿಯಂ ಮೆಟಾಬೈಸಲ್ಫೈಟ್. ಲೆಕ್ಕದ ಪ್ರಕಾರ ಒಂದು ಗ್ರಾಂ ಕ್ರೋಮಿಯಂಗೆ ಸುಮಾರು 2.75 ಗ್ರಾಂ ಪುಡಿ ಬೇಕು. ಗಾಳಿಯ ಆಮ್ಲಜನಕವೂ ಒಂದಷ್ಟನ್ನು ತಿನ್ನುವುದರಿಂದ ಶಾಪ್‌ನಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಈ ಕ್ರಿಯೆಗೆ ಪಿಎಚ್ ಮುಖ್ಯ. ಪಿಎಚ್ 2ರಿಂದ 2.5ರ ಒಳಗಿದ್ದರೆ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಪಿಎಚ್ 4 ದಾಟಿದರೆ ಗಂಟೆಗಟ್ಟಲೆ ಕಾದರೂ ಪೂರ್ತಿ ಆಗುವುದಿಲ್ಲ. ಆಸಿಡ್ ಉಳಿಸಲು ಹೋಗಿ ಎಷ್ಟೋ ಜನ ಪುಡಿಯನ್ನೇ ದಂಡ ಮಾಡುತ್ತಾರೆ. ಆಸಿಡ್ ನೀರಿಗೆ ಪುಡಿ ಬಿದ್ದಾಗ ಗಂಟಲು ಹಿಡಿಯುವ ಗಂಧಕದ ಡೈಆಕ್ಸೈಡ್ ಏಳುತ್ತದೆ. ಕಿಟಕಿ ತೆರೆದಿರಲಿ, ಫ್ಯಾನ್ ಓಡುತ್ತಿರಲಿ, ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಲಿ.

ಮುಂದಿನ ತಪ್ಪು ಕಣ್ಣಳತೆ. ‘ಹಸಿರಾಯ್ತು, ಸಾಕು’ ಅನ್ನುವುದು. ಹೊರಗೆ ಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಅಷ್ಟು ತೆಳುವಾದ ಹಳದಿ ಯಾರ ಕಣ್ಣಿಗೂ ಕಾಣುವುದಿಲ್ಲ. ಅದರ ಹತ್ತರಷ್ಟು ಉಳಿದಿದ್ದರೂ ಹಸಿರಿನ ಅಡಿಯಲ್ಲಿ ಅಡಗಿಕೊಳ್ಳುತ್ತದೆ. ಇದಕ್ಕೆ ಡೈಫಿನೈಲ್ ಕಾರ್ಬಜೈಡ್ ಅನ್ನುವ ಅಗ್ಗದ ಪರೀಕ್ಷೆ ಇದೆ. ನೀರಿನ ಸ್ಯಾಂಪಲ್‌ಗೆ ಸ್ವಲ್ಪ ಆಸಿಡ್ ಹಾಕಿ, ಈ ದ್ರಾವಣದ ಕೆಲವು ಹನಿ ಹಾಕಿದರೆ, ಆರು ವೇಲೆನ್ಸಿಯ ಕ್ರೋಮಿಯಂ ಉಳಿದಿದ್ದಲ್ಲಿ ಗುಲಾಬಿಯಿಂದ ನೇರಳೆ ಬಣ್ಣ ಬರುತ್ತದೆ. 0.1 ಮಿಲಿಗ್ರಾಂ ಇದ್ದರೂ ಗುಲಾಬಿ ಛಾಯೆ ಕಾಣುತ್ತದೆ. ದ್ರಾವಣವನ್ನು ಕಂದು ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಬೇಕು, ಅದಾಗಿಯೇ ಬಣ್ಣ ತಿರುಗಿದರೆ ಚೆಲ್ಲಿ ಹೊಸದು ಮಾಡಿಕೊಳ್ಳಬೇಕು. ಪ್ರತಿ ಬ್ಯಾಚ್‌ಗೂ ಈ ಪರೀಕ್ಷೆ ಮಾಡುವ ಶಾಪ್‌ಗೂ ಮಾಡದ ಶಾಪ್‌ಗೂ ಅಜಗಜಾಂತರ. ಮಗಳು ಒಂದು ಭಾನುವಾರ ಹೋಗಿ ಅಲ್ಲಿಯ ಹುಡುಗರಿಗೆ ಇದನ್ನು ಕಲಿಸಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.

ಆಮೇಲೆ ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ ಏರಿಸುತ್ತಾರೆ. 8.5ರ ಸುತ್ತಮುತ್ತ ಕ್ರೋಮಿಯಂ ಹೈಡ್ರಾಕ್ಸೈಡ್ ಬೂದು ಹಸಿರು ಕೆಸರಾಗಿ ತಳಕ್ಕೆ ಕೂರುತ್ತದೆ. ‘ಇರಲಿ’ ಅಂತ ಇನ್ನಷ್ಟು ಕಾಸ್ಟಿಕ್ ಸುರಿದು ಪಿಎಚ್ 10 ದಾಟಿಸಿದರೆ ತಳ ಸೇರಿದ್ದು ಮತ್ತೆ ಕರಗಲು ಶುರುವಾಗುತ್ತದೆ. ನಿಕ್ಕಲ್ ಇದಕ್ಕೆ ಉಲ್ಟಾ, ಅದು ಚೆನ್ನಾಗಿ ಇಳಿಯುವುದೇ ಪಿಎಚ್ 10ರ ಹತ್ತಿರ. ನಿಕ್ಕಲ್ ಮೇಲೆ ಕ್ರೋಮ್ ಹಾಕುವ ಶಾಪ್‌ನಲ್ಲಿ ಎರಡೂ ನೀರು ಒಂದೇ ತೊಟ್ಟಿಗೆ ಬಿದ್ದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ. ಲೈನ್‌ಗಳನ್ನು ಮೊದಲಿನಿಂದಲೇ ಬೇರೆ ಇಟ್ಟರೆ ಈ ತಲೆನೋವೇ ಇಲ್ಲ.

ಅದಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆ, ದಯವಿಟ್ಟು ಭಾವನಿಗೆ ಇದನ್ನು ಓದಿ ಹೇಳಿ. ಶಾಪ್‌ನಲ್ಲಿ ತಾಮ್ರ, ಸತು, ಹಿತ್ತಾಳೆ, ಬೆಳ್ಳಿ ಯಾವುದಕ್ಕಾದರೂ ಸಯನೈಡ್ ಬಾತ್ (ಪ್ಲೇಟಿಂಗ್ ದ್ರಾವಣದ ಟ್ಯಾಂಕ್) ಇದ್ದರೆ ಆ ನೀರು ಯಾವ ಕಾರಣಕ್ಕೂ ಕ್ರೋಮ್ ಲೈನ್‌ನ ಆಸಿಡ್ ತೊಟ್ಟಿಗೆ ಸೇರಬಾರದು. ಪಿಎಚ್ 2ರಲ್ಲಿ ಸಯನೈಡ್ ಹೈಡ್ರೋಜನ್ ಸಯನೈಡ್ ಅನಿಲವಾಗಿ ಏಳುತ್ತದೆ. ಅದನ್ನು ಉಸಿರಾಡಿದವರನ್ನು ಉಳಿಸಿಕೊಳ್ಳಲು ಹೆಚ್ಚು ಸಮಯ ಸಿಗುವುದಿಲ್ಲ. ಪೈಪು ಬೇರೆ, ತೊಟ್ಟಿ ಬೇರೆ, ಬಕೆಟ್ ಕೂಡ ಬೇರೆ ಇರಲಿ.

ಸಯನೈಡ್ ಇರುವ ಶಾಪ್‌ನಲ್ಲಿ ಇನ್ನೊಂದು ತೊಂದರೆ ಇದೆ, ಇದನ್ನು ಗಮನಿಸುವವರು ಕಡಿಮೆ. ಸಯನೈಡ್ ಮುರಿಯಲು ಹಾಕಿದ ಹೈಪೋಕ್ಲೋರೈಟ್ ಸ್ವಲ್ಪ ಉಳಿದಿರುತ್ತದೆ. ಆ ನೀರನ್ನು ಕೊನೆಯ ತೊಟ್ಟಿಯಲ್ಲಿ ಕ್ರೋಮ್ ಕೆಸರಿನ ಜೊತೆ ಬೆರೆಸುತ್ತಾರೆ. ಅಲ್ಲಿ ಪಿಎಚ್ 9ರ ಆಸುಪಾಸು ಇರುತ್ತದೆ. ಉಳಿದ ಕ್ಲೋರಿನ್ ಮೂರು ವೇಲೆನ್ಸಿಯ ಕ್ರೋಮಿಯಂ ಅನ್ನು ಮತ್ತೆ ಆರಕ್ಕೆ ಏರಿಸುತ್ತದೆ. ಬೆಳಿಗ್ಗೆ ಆಸಿಡ್ ಹಾಕಿ, ಪುಡಿ ಹಾಕಿ ಮಾಡಿದ ಕೆಲಸವೆಲ್ಲ ಸಂಜೆಗೆ ವ್ಯರ್ಥ. ಮೇಲಿನ ತಿಳಿನೀರು ತೆಳು ಹಳದಿಯಾಗಿದ್ದರೆ ‘ಪುಡಿ ಸರಿಯಿಲ್ಲ’ ಅಂತ ಸಪ್ಲೈಯರ್ ಮೇಲೆ ರೇಗುತ್ತಾರೆ. ಕ್ಲೋರಿನ್ ಪೂರ್ತಿ ಮುಗಿದಿದೆಯೇ ಅಂತ ನೋಡಿ ಬೆರೆಸಿದರೆ ಸಾಕು.

ಈಗ ಕೆಸರು. ಫಿಲ್ಟರ್ ಪ್ರೆಸ್‌ನಿಂದ ಬಿಲ್ಲೆಬಿಲ್ಲೆಯಾಗಿ ಬರುವ ಆ ಹಸಿರು ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರೇ ಇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇದನ್ನು ಶಾಪ್‌ನಲ್ಲಿ ಸಾಮಾನ್ಯವಾಗಿ 90 ದಿನ ಮಾತ್ರ ಇಟ್ಟುಕೊಳ್ಳಬಹುದು. ಆಮೇಲೆ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ ಪತ್ರ) ಜೊತೆ ಅಧಿಕೃತ ಘಟಕಕ್ಕೆ ಕಳಿಸಬೇಕು. ಬೆಂಗಳೂರಿನ ಕಡೆಯವರಿಗೆ ಅದು ದಾಬಸ್‌ಪೇಟೆ. ಅಲ್ಲಿ ಕೆಸರನ್ನು ಸಿಮೆಂಟ್, ಸುಣ್ಣ ಮುಂತಾದವುಗಳ ಜೊತೆ ಸೇರಿಸಿ ಗಟ್ಟಿ ಮಾಡಿ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ಜೇಡಿಮಣ್ಣಿನ ಪದರ ಇರುವ ಗುಂಡಿಯಲ್ಲಿ ಹೂಳುತ್ತಾರೆ. ಮಗಳು ಹೇಳಿದ ‘ಜಾಗ ಬದಲಾವಣೆ’ ಇದೇ. ಆದರೆ ಯಾರಿಗೂ ಗೊತ್ತಿಲ್ಲದ ಹಾಗೆ ರಾತ್ರಿ ರಾಜಕಾಲುವೆಗೆ ಸುರಿಯುವುದೂ, ಲೆಕ್ಕ ಇಟ್ಟು ಕಾವಲಿರುವ ಜಾಗದಲ್ಲಿ ಇಡುವುದೂ ಒಂದೇ ಅಲ್ಲ. ಗುಂಡಿಯ ಸುತ್ತ ಬಾವಿ ತೋಡಿ ಸೋರುತ್ತಿದೆಯೇ ಅಂತ ವರ್ಷಗಟ್ಟಲೆ ನೋಡುತ್ತಿರುತ್ತಾರೆ.

ಕೆಲವರು ಕೆಸರನ್ನು ಇಟ್ಟಿಗೆಗೆ ಸೇರಿಸಿ ಸುಟ್ಟರಾಯಿತು ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ನಿಜವಾಗಿ ಭಯವಾಗುತ್ತದೆ. ಜಗತ್ತಿನಲ್ಲಿ ಕ್ರೋಮೇಟ್ ತಯಾರಿಸುವ ವಿಧಾನವೇ ಇದು: ಕ್ರೋಮ್ ಅದಿರಿಗೆ ಸೋಡಾ, ಸುಣ್ಣದಂಥ ಕ್ಷಾರ ಸೇರಿಸಿ ಗಾಳಿಯಾಡುವ ಗೂಡಿನಲ್ಲಿ 1,000 ಡಿಗ್ರಿ ಸೆಲ್ಸಿಯಸ್ ಮೇಲೆ ಹುರಿಯುವುದು. ಸುಣ್ಣ ಹಾಕಿದ ಕ್ರೋಮ್ ಕೆಸರನ್ನು ಇಟ್ಟಿಗೆ ಗೂಡಿಗೆ ಹಾಕಿದರೆ ಅದೇ ಕಾರ್ಖಾನೆಯನ್ನು ಸಣ್ಣದಾಗಿ ನಡೆಸಿದ ಹಾಗೆ. ಹಸಿರು ಹೋಗಿ ಹಳದಿ ಹುಟ್ಟುತ್ತದೆ, ಮಳೆಗೆ ತೊಳೆದು ಬರುತ್ತದೆ. ಸಿಮೆಂಟ್ ಗೂಡಿನಲ್ಲೂ ಇದು ಸಣ್ಣ ಮಟ್ಟದಲ್ಲಿ ಆಗುತ್ತದೆ. ಗಾರೆ ಕೆಲಸದವರ ಕೈಗೆ ಬರುವ ಹಠಮಾರಿ ಕಜ್ಜಿಗೆ ಇದೂ ಒಂದು ಕಾರಣ. ಯುರೋಪಿನಲ್ಲಿ 2005ರಿಂದ ಸಿಮೆಂಟ್‌ನಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಹತ್ತು ಲಕ್ಷದಲ್ಲಿ ಎರಡು ಪಾಲು ಮಾತ್ರ ಇರಬಹುದು ಅಂತ ಮಿತಿ ಹಾಕಿ, ಅದನ್ನು ಮೂರಕ್ಕೆ ಇಳಿಸುವ ಫೆರಸ್ ಸಲ್ಫೇಟ್‌ನಂಥದ್ದನ್ನು ಸೇರಿಸಿ ಮಾರುತ್ತಿದ್ದಾರೆ.

ಹೊರಗೆ ಸುರಿದರೂ ಮಣ್ಣಿನಲ್ಲಿ ಮೂರು ವೇಲೆನ್ಸಿ ಮೂರಾಗಿಯೇ ಇರುತ್ತದೆ ಅಂತ ಒಂದು ಕಾಲದಲ್ಲಿ ನಂಬಿದ್ದರು. ಅಮೆರಿಕದ ಬಾರ್ಟ್ಲೆಟ್ ಮತ್ತು ಜೇಮ್ಸ್ ಎಂಬ ಮಣ್ಣಿನ ವಿಜ್ಞಾನಿಗಳು 1979ರಲ್ಲಿ ಆ ನಂಬಿಕೆ ತಪ್ಪು ಅಂತ ತೋರಿಸಿದರು. ತೇವ ಇರುವ ತಾಜಾ ಮಣ್ಣಿನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಇದ್ದರೆ ಅದು ಒಂದಷ್ಟು ಕ್ರೋಮಿಯಂ ಅನ್ನು ಮತ್ತೆ ಆರಕ್ಕೆ ಏರಿಸುತ್ತದೆ. ಅದಕ್ಕಿಂತ ಹಿಂದಿನ ಪ್ರಯೋಗಗಳಲ್ಲಿ ಇದು ಕಾಣದಿದ್ದುದಕ್ಕೆ ಮಣ್ಣನ್ನು ಒಣಗಿಸಿ ಇಟ್ಟು ಬಳಸಿದ್ದೂ ಕಾರಣ. ಈ ಒಂದು ಪ್ರಬಂಧ ಕೆಸರಿನ ಬಗ್ಗೆ ನಾವು ಯೋಚಿಸುವ ರೀತಿಯನ್ನೇ ಬದಲಾಯಿಸಿತು.

ಕಾಯದೇ ಬಿಟ್ಟರೆ ಏನಾಗುತ್ತದೆ ಅಂತ ನೋಡಬೇಕಾದರೆ ತಮಿಳುನಾಡಿನ ರಾಣಿಪೇಟೆ ನೋಡಬೇಕು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯ ದಡದ ಊರು ಅದು. ಅಲ್ಲಿ 1990ರ ದಶಕದಲ್ಲಿ ಮುಚ್ಚಿದ ಒಂದು ಕ್ರೋಮೇಟ್ ಕಾರ್ಖಾನೆ ಒಂದೂವರೆ ಲಕ್ಷ ಟನ್‌ಗೂ ಹೆಚ್ಚು ಕ್ರೋಮ್ ತ್ಯಾಜ್ಯವನ್ನು ಬಯಲಿನಲ್ಲೇ ಗುಡ್ಡೆ ಹಾಕಿ ಬಿಟ್ಟಿತು. ಮಳೆ ಬಂದಾಗ ಹಳದಿ ನೀರು ಹರಿದು ಸುತ್ತಲಿನ ಅಂತರ್ಜಲ ಕೆಟ್ಟಿತು. ಇಂಥ ಗುಡ್ಡೆಯನ್ನು ಸರಿ ಮಾಡುವುದು ಪ್ಲೇಟಿಂಗ್ ನೀರನ್ನು ಸರಿ ಮಾಡಿದಷ್ಟು ಸುಲಭ ಅಲ್ಲ. ಕ್ರೋಮೇಟ್ ಅದರ ಹರಳುಗಳ ಒಳಗೆ ಸಿಕ್ಕಿಕೊಂಡಿರುತ್ತದೆ. ಮೇಲೆ ಔಷಧಿ ಸಿಂಪಡಿಸಿದರೆ ಹೊರಗಿನದಷ್ಟೇ ಹಸಿರಾಗುತ್ತದೆ. ಒಳಗಿನದು ಹತ್ತಾರು ವರ್ಷ ಸ್ವಲ್ಪಸ್ವಲ್ಪವೇ ಹೊರಬರುತ್ತಲೇ ಇರುತ್ತದೆ. ಇದಕ್ಕೆ ನಿಜವಾದ ಪರಿಹಾರ ಸಿಕ್ಕಿದ್ದು ಗೂಡಿನಲ್ಲೇ. ಹುರಿಯುವಾಗ ಸುಣ್ಣ ಹಾಕದ ವಿಧಾನ ಬಂದ ಮೇಲೆ ತ್ಯಾಜ್ಯವೂ ಬಹಳ ಕಡಿಮೆಯಾಯಿತು, ಅದರಲ್ಲಿ ಉಳಿಯುವ ಕ್ರೋಮೇಟೂ ಕಡಿಮೆಯಾಯಿತು.

ಸಂಶೋಧನೆಯಿಂದ ಸಣ್ಣ ಶಾಪ್‌ಗೆ ಏನು ಸಿಕ್ಕಿದೆ ಅಂತ ಕೇಳಿದಿರಿ. ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆ ಬಾಳುವುದು ಕ್ರೋಮಿಯಂ ಅನ್ನು ಬಾತ್ ಬಿಟ್ಟು ಹೊರಗೆ ಬರದಂತೆ ತಡೆಯುವ ಕೆಲಸ. ಸಾಮಾನ್ಯ ಕ್ರೋಮ್ ಬಾತ್‌ನಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್ ಇರುತ್ತದೆ. ಅಂದರೆ 130 ಗ್ರಾಂ ಕ್ರೋಮಿಯಂ. ಲೆಕ್ಕ ಹಾಕಿ ನೋಡಿ: ಒಂದು ಟೀ ಚಮಚದಷ್ಟು ಬಾತ್ ದ್ರವ 13,000 ಲೀಟರ್ ಶುದ್ಧ ನೀರನ್ನು ಕುಡಿಯುವ ನೀರಿನ ಮಿತಿಗೆ ತಂದು ನಿಲ್ಲಿಸುತ್ತದೆ. ಎರಡು ಟ್ಯಾಂಕರ್ ನೀರು! ಜಿಗ್ (ಮಾಲು ನೇತುಹಾಕುವ ಚೌಕಟ್ಟು) ಎತ್ತಿದಾಗ ಮಾಲಿಗೆ ಅಂಟಿಕೊಂಡು ಬರುವುದು ಇದೇ ದ್ರವ. ಶಾಪ್‌ನವರು ಡ್ರ್ಯಾಗ್‌ಔಟ್ ಅನ್ನುತ್ತಾರೆ. ಜಿಗ್ಗನ್ನು ಟ್ಯಾಂಕ್ ಮೇಲೆ ಇನ್ನೂ ಹತ್ತು ಸೆಕೆಂಡ್ ಹಿಡಿದು ತೊಟ್ಟಿಕ್ಕಲು ಬಿಡಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಪೀಸ್ ರೇಟ್ ಮೇಲೆ ಕೆಲಸ ಮಾಡುವ ಹುಡುಗನಿಗೆ ಆ ಹತ್ತು ಸೆಕೆಂಡ್ ನಷ್ಟ, ಅದಕ್ಕೇ ಅವನು ಬೇಗ ಎತ್ತುತ್ತಾನೆ. ಅದನ್ನು ಸರಿ ಮಾಡಬೇಕಾದವರು ಮಾಲೀಕರು.

ತೊಳೆಯುವುದರಲ್ಲೂ ಲೆಕ್ಕ ಇದೆ. ಮಾಲಿಗೆ ಅಂಟಿದ ಒಂದು ಲೀಟರ್ ದ್ರವವನ್ನು ಹತ್ತು ಸಾವಿರ ಪಟ್ಟು ತೆಳು ಮಾಡಬೇಕು ಅಂತಿಟ್ಟುಕೊಳ್ಳಿ. ಒಂದೇ ರಿನ್ಸ್ ಟ್ಯಾಂಕ್ ಇದ್ದರೆ 10,000 ಲೀಟರ್ ನೀರು ಬೇಕು. ಎರಡು ಟ್ಯಾಂಕ್ ಇಟ್ಟು, ಮಾಲು ಹೋಗುವ ದಿಕ್ಕಿಗೆ ಎದುರಾಗಿ ನೀರು ಹರಿಸಿದರೆ ಸುಮಾರು 100 ಲೀಟರ್ ಸಾಕು. ಮೂರು ಟ್ಯಾಂಕ್ ಆದರೆ 22 ಲೀಟರ್. ಜಾಗ ಇಲ್ಲ ಅನ್ನುವ ಶಾಪ್‌ನಲ್ಲೂ ಎರಡು ಸಣ್ಣ ಟ್ಯಾಂಕಿಗೆ ಜಾಗ ಆಗುತ್ತದೆ. ಇನ್ನೂ ಒಂದು ಲಾಭ ಇದೆ. ಬಿಸಿ ಬಾತ್‌ನಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಮೊದಲ ರಿನ್ಸ್‌ನ ಗಟ್ಟಿ ನೀರನ್ನು ಬಾತ್‌ಗೇ ವಾಪಸ್ ಸುರಿದರೆ ದುಡ್ಡು ಕೊಟ್ಟು ತಂದ ಕ್ರೋಮಿಕ್ ಆಸಿಡ್ ಮತ್ತೆ ಕೆಲಸಕ್ಕೆ ಬರುತ್ತದೆ. ಕಬ್ಬಿಣ, ತಾಮ್ರದ ಕೊಳೆಯೂ ಜೊತೆಗೆ ವಾಪಸಾಗುತ್ತದೆ, ಅದನ್ನು ಆಗಾಗ ಪರೀಕ್ಷಿಸಬೇಕು ಅಷ್ಟೇ. ದೊಡ್ಡ ಶಾಪ್‌ಗಳು ರೆಸಿನ್ ಕಾಲಂ (ಕ್ರೋಮೇಟ್ ಹಿಡಿಯುವ ಅಂಟಿನ ಮಣಿಗಳ ಕೊಳವೆ) ಇಟ್ಟು ತೆಳು ನೀರಿನಿಂದಲೂ ಕ್ರೋಮೇಟ್ ಹಿಡಿಯುತ್ತವೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಆರು ವೇಲೆನ್ಸಿಯನ್ನೇ ಬಿಡುವುದು. ಅಲಂಕಾರದ ಕ್ರೋಮ್‌ಗೆ ಮೂರು ವೇಲೆನ್ಸಿಯ ಬಾತ್ 1970ರ ದಶಕದಲ್ಲೇ ಮಾರುಕಟ್ಟೆಗೆ ಬಂತು. ಅದರಲ್ಲಿ ಲೀಟರಿಗೆ 20 ಗ್ರಾಂ ಆಸುಪಾಸು ಅಥವಾ ಅದಕ್ಕೂ ಕಡಿಮೆ ಕ್ರೋಮಿಯಂ ಸಾಕು. ಉಸಿರಿಗೆ ಹೋಗುವ ಆ ಕೆಟ್ಟ ಹಳದಿ ಮಂಜೂ ಇಲ್ಲ. ಹಳೆಯ ಬಾತ್‌ನಲ್ಲಿ ಕರೆಂಟಿನ 10ರಿಂದ 20 ಪರ್ಸೆಂಟ್ ಮಾತ್ರ ಕ್ರೋಮ್ ಕೂರಿಸುತ್ತದೆ. ಮಿಕ್ಕಿದ್ದೆಲ್ಲ ಗುಳ್ಳೆ ಎಬ್ಬಿಸುವುದಕ್ಕೇ ಹೋಗುತ್ತದೆ, ಮಂಜು ಏಳುವುದು ಆ ಗುಳ್ಳೆಗಳು ಒಡೆದಾಗಲೇ. ಅದನ್ನು ತಡೆಯಲು ಹಾಕುತ್ತಿದ್ದ ಪಿಎಫ್‌ಓಎಸ್ ಅನ್ನುವ ರಾಸಾಯನಿಕವೇ 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ನಾಶವಾಗದ ವಿಷಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿತು, ಯಾಕೆಂದರೆ ಅದು ಪ್ರಕೃತಿಯಲ್ಲಿ ಒಡೆದು ನಾಶವಾಗುವುದೇ ಇಲ್ಲ.

ಮತ್ತೆ ಎಲ್ಲರೂ ಯಾಕೆ ಬದಲಾಯಿಸಿಲ್ಲ? ಮೂರು ವೇಲೆನ್ಸಿಯ ಬಾತ್ ತುಂಬಾ ನಾಜೂಕು. ಸ್ವಲ್ಪ ತಾಮ್ರ, ಸತು ಬೆರೆತರೂ ಕಲೆ ಬೀಳುತ್ತದೆ. ವಿಶೇಷ ಆನೋಡ್ ಬೇಕು, ಇಲ್ಲದಿದ್ದರೆ ಬಾತ್ ಒಳಗೇ ಆರು ವೇಲೆನ್ಸಿ ಹುಟ್ಟಿಕೊಳ್ಳುತ್ತದೆ. ಬಣ್ಣ ಒಂದು ಚೂರು ಬೇರೆ, ಗಿರಾಕಿ ‘ಹಳೇ ಶೈನ್ ಇಲ್ಲ’ ಅನ್ನುತ್ತಾನೆ. ಹೈಡ್ರಾಲಿಕ್ ರಾಡ್‌ಗೆ ಹಾಕುವ ದಪ್ಪ ಹಾರ್ಡ್ ಕ್ರೋಮ್ ಇದರಲ್ಲಿ ಇನ್ನೂ ಕಷ್ಟ. ಆದರೆ ಒತ್ತಡ ಬಂದಾಗ ಬದಲಾವಣೆ ಆಗಿಯೇ ಆಗುತ್ತದೆ. 2006ರ ಜುಲೈನಿಂದ ಯುರೋಪ್ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂಗೆ 0.1 ಪರ್ಸೆಂಟ್ ಮಿತಿ ಹಾಕಿತು, ವಾಹನಗಳಿಗೂ ಇಂಥದ್ದೇ ನಿಯಮ ಬಂತು. ಸತು ಲೇಪನದ ಮೇಲಿನ ಆ ಹಳದಿ ಪ್ಯಾಸಿವೇಶನ್ (ತುಕ್ಕು ತಡೆಯುವ ತೆಳು ಪದರ) ಬಿಟ್ಟು ನಮ್ಮ ಎಕ್ಸ್‌ಪೋರ್ಟ್ ಬಿಡಿಭಾಗದವರು ಟ್ರೈವೇಲೆಂಟ್‌ಗೆ, ಅಂದರೆ ಮೂರು ವೇಲೆನ್ಸಿಯದಕ್ಕೆ ಬಂದದ್ದು ಹಾಗೆ. ಭಾವ ಮಾಡುವುದು ನಲ್ಲಿ, ಹಿಡಿಕೆಗಳಂಥ ಅಲಂಕಾರದ ಮಾಲಾದರೆ ಒಂದು ಸಣ್ಣ ಟ್ಯಾಂಕಿನಲ್ಲಿ ಪ್ರಯತ್ನಿಸಿ ನೋಡುವುದು ಒಳ್ಳೆಯದು. ಆ ನೀರನ್ನು ಬೇರೆಯೇ ಸಂಸ್ಕರಿಸಬೇಕು ಅನ್ನುವುದು ನೆನಪಿರಲಿ. ಅದರಲ್ಲಿ ಕ್ರೋಮಿಯಂ ಅನ್ನು ಹಿಡಿದಿಡುವ ಸಾವಯವ ವಸ್ತು ಇರುತ್ತದೆ, ಬರೀ ಸುಣ್ಣಕ್ಕೆ ಅದು ಸುಲಭವಾಗಿ ಇಳಿಯುವುದಿಲ್ಲ.

ನೆಲದೊಳಗೆ ಈಗಾಗಲೇ ಸೇರಿದ್ದರ ಬಗ್ಗೆಯೂ ಒಳ್ಳೆಯ ಕೆಲಸ ಆಗಿದೆ. ಅಮೆರಿಕದ ಉತ್ತರ ಕೆರೊಲಿನಾದ ಎಲಿಜಬೆತ್ ಸಿಟಿಯಲ್ಲಿ ಕರಾವಳಿ ಕಾವಲು ಪಡೆಯ ಒಂದು ಹಾರ್ಡ್ ಕ್ರೋಮ್ ಶಾಪ್ ಮೂವತ್ತು ವರ್ಷಕ್ಕೂ ಹೆಚ್ಚು ನಡೆದು 1984ರಲ್ಲಿ ಮುಚ್ಚಿತು. ನೆಲದಡಿ ಕ್ರೋಮೇಟ್ ನದಿಯ ಕಡೆ ಸರಿಯುತ್ತಿತ್ತು. 1996ರಲ್ಲಿ ಅದರ ದಾರಿಗೆ ಅಡ್ಡವಾಗಿ 46 ಮೀಟರ್ ಉದ್ದ, 7.3 ಮೀಟರ್ ಆಳ, 0.6 ಮೀಟರ್ ಅಗಲದ ಕಂದಕ ತೋಡಿ ಕಬ್ಬಿಣದ ಹರಳು ತುಂಬಿದರು. ಪಂಪ್ ಇಲ್ಲ, ಕರೆಂಟ್ ಇಲ್ಲ. ನೀರು ತನ್ನ ಪಾಡಿಗೆ ಆ ಕಬ್ಬಿಣದ ಗೋಡೆ ದಾಟುತ್ತದೆ, ಕ್ರೋಮೇಟ್ ಅಲ್ಲೇ ಮೂರು ವೇಲೆನ್ಸಿಗೆ ಇಳಿದು ಕಬ್ಬಿಣದ ಜೊತೆ ಗಟ್ಟಿಯಾಗಿ ಕೂರುತ್ತದೆ. ದಶಕ ಕಳೆದ ಮೇಲೂ ಅದು ಕ್ರೋಮೇಟ್ ತಡೆಯುತ್ತಿತ್ತು.

ಇದನ್ನೇ ತಂದು ಪೀಣ್ಯದಲ್ಲಿ ಮಾಡಲು ಆಗುವುದಿಲ್ಲ. ಅಲ್ಲಿಯದು ಮರಳು ನೆಲ, ಇಲ್ಲಿಯದು ಗಟ್ಟಿ ಬಂಡೆ. ನೂರಾರು ಅಡಿ ಆಳದ ಬಿರುಕುಗಳಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹಿಡಿಯುವುದೇ ಕಷ್ಟ. ಇಂಥ ಕಡೆ ಕ್ರೋಮೇಟನ್ನು ಮೂರು ವೇಲೆನ್ಸಿಗೆ ಇಳಿಸಲು ಬೋರ್ ಮೂಲಕ ಕ್ಯಾಲ್ಸಿಯಂ ಪಾಲಿಸಲ್ಫೈಡ್ ಅಥವಾ ಬ್ಯಾಕ್ಟೀರಿಯಾಗೆ ಆಹಾರವಾಗುವ ಕಾಕಂಬಿ, ಎಥನಾಲ್ ಇಳಿಸುವ ವಿಧಾನಗಳಿವೆ. ಅಳತೆ ತಪ್ಪಿದರೆ ಬಂಡೆಯಲ್ಲಿರುವ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್ ಕರಗಿ ನೀರಿಗೆ ಬರಬಹುದು. ಹಾಗಾಗಿ ಮೊದಲು ಬಿರುಕುಗಳ ನಕ್ಷೆ, ಆಮೇಲೆ ಔಷಧಿ.

ಕೊನೆಗೆ ಮಗಳ ಪ್ರಾಜೆಕ್ಟ್. ಕಿತ್ತಳೆ ಸಿಪ್ಪೆ, ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ, ಕಾಫಿ ಹೊಟ್ಟು ಇವುಗಳಿಂದ ಕ್ರೋಮಿಯಂ ಹೀರುವ ಪ್ರಬಂಧಗಳು ಸಾವಿರಾರು ಬಂದಿವೆ. ಅವಳು ಇನ್ನೊಂದು ಸಿಪ್ಪೆ ಹುಡುಕುವುದು ಬೇಡ ಅನ್ನುತ್ತೇನೆ. ಅವುಗಳಲ್ಲಿ ಬಹಳಷ್ಟು ಶುದ್ಧ ನೀರಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿ ಮಾಡಿದ ಪ್ರಯೋಗಗಳು. ಶಾಪ್ ನೀರಿನಲ್ಲಿ ಸಲ್ಫೇಟ್, ನಿಕ್ಕಲ್, ಎಣ್ಣೆ, ಸೋಪು ಎಲ್ಲ ಇರುತ್ತದೆ. ಅಲ್ಲದೆ ಆಸಿಡ್ ನೀರಿನಲ್ಲಿ ಸಿಪ್ಪೆಯೇ ಕ್ರೋಮೇಟನ್ನು ಮೂರು ವೇಲೆನ್ಸಿಗೆ ಇಳಿಸುತ್ತದೆ. ಅದನ್ನು ಹೀರಿಕೆ ಅಂತ ತಪ್ಪಾಗಿ ಬರೆದವರೂ ಇದ್ದಾರೆ. ಕೆಲಸ ಮುಗಿದ ಮೇಲೆ ಆ ಸಿಪ್ಪೆಯನ್ನು ಎಲ್ಲಿ ಹಾಕುವುದು ಅನ್ನುವುದನ್ನು ಹೆಚ್ಚಿನವರು ಹೇಳುವುದಿಲ್ಲ.

ಅದರ ಬದಲು ದೊಡ್ಡಪ್ಪನ ಶಾಪ್‌ನ ನಿಜವಾದ ಕೆಸರನ್ನೇ ತೆಗೆದುಕೊಳ್ಳಲಿ. ಅದನ್ನು ನೆನೆಸಿ, ಒಣಗಿಸಿ, ಮತ್ತೆ ನೆನೆಸಿ, ಪ್ರತಿ ಸಲವೂ ಎಷ್ಟು ಆರು ವೇಲೆನ್ಸಿ ಮರಳಿ ಬರುತ್ತದೆ ಅಂತ ಅಳೆಯಲಿ. ಒಂದು ಸೆಟ್‌ಗೆ ಉಳಿದ ಹೈಪೋಕ್ಲೋರೈಟ್, ಇನ್ನೊಂದಕ್ಕೆ ಮ್ಯಾಂಗನೀಸ್ ಇರುವ ಕೆಂಪು ಮಣ್ಣು ಸೇರಿಸಲಿ. ಸುಣ್ಣದಿಂದ ಇಳಿಸಿದ ಕೆಸರಿಗೂ ಕಾಸ್ಟಿಕ್‌ನಿಂದ ಇಳಿಸಿದ ಕೆಸರಿಗೂ ಏನು ವ್ಯತ್ಯಾಸ ಅಂತ ನೋಡಲಿ. ಮೆಟಾಬೈಸಲ್ಫೈಟ್ ಬದಲು ಫೆರಸ್ ಸಲ್ಫೇಟ್ ಬಳಸಿದ ಕೆಸರನ್ನೂ ಪಕ್ಕದಲ್ಲಿಡಲಿ. ಒಂದು ಗ್ರಾಂ ಕ್ರೋಮಿಯಂಗೆ ಅದು 16 ಗ್ರಾಂ ಬೇಕು, ಕೆಸರೂ ಬಹಳ ಜಾಸ್ತಿ. ಆದರೆ ಕಬ್ಬಿಣದ ಜೊತೆ ಸೇರಿ ಕೂತ ಕ್ರೋಮಿಯಂ ಕರಗುವುದು ಕಡಿಮೆ. ಆ ಜಾಸ್ತಿ ಕೆಸರಿನ ಖರ್ಚಿಗೆ ಈ ಲಾಭ ಸಾಟಿಯಾಗುತ್ತದೆಯೇ ಅಂತ ಪೀಣ್ಯದ ಕೆಸರಿನ ಮೇಲೆ ಮಾಡಿದ ಅಳತೆ ಶಾಪ್‌ನವರಿಗೂ ದಾಬಸ್‌ಪೇಟೆಯ ಘಟಕಕ್ಕೂ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಉಪಕರಣ ಅಂದರೆ ಡೈಫಿನೈಲ್ ಕಾರ್ಬಜೈಡ್ ಮತ್ತು ಕಾಲೇಜಿನಲ್ಲಿರುವ ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರ್ (ಬಣ್ಣದ ಗಾಢತೆ ಅಳೆಯುವ ಉಪಕರಣ), 540 ನ್ಯಾನೋಮೀಟರ್‌ಗೆ ಇಟ್ಟುಕೊಂಡರೆ ಆಯಿತು. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಲಿ, ಒಣ ಕೆಸರಿನ ಪುಡಿಯನ್ನು ಮಾಸ್ಕ್ ಇಲ್ಲದೆ ಅರೆಯುವುದು ಬೇಡ.